ಮ್ಯಾಗ್ನೆಟ್ ಮ್ಯಾಟ್ ಚಿಕಿತ್ಸೆ: ಯಾರಿಗೆ ಸರಿ, ಯಾರಿಗೆ ಅಪಾಯ?

ಪಿಇಎಂಎಫ್ ಅಂದ್ರೇನು? ತಂತಿ ಸುರುಳಿಯಲ್ಲಿ ಕರೆಂಟ್ ಬಿಟ್ಟು ಬಿಟ್ಟು ಹರಿಸಿ, ಅದರಿಂದ ಹುಟ್ಟುವ ಕಾಂತಕ್ಷೇತ್ರವನ್ನು ಮೈಗೆ ಕೊಡುವ ಚಿಕಿತ್ಸೆ. ಮ್ಯಾಟ್, ಬೆಲ್ಟ್ ರೂಪದಲ್ಲೂ ಬರುತ್ತೆ.

ಉಪಯೋಗ ಇದೆಯಾ? ಮುರಿದ ಮೂಳೆ ಕೂಡದೆ ಉಳಿದಾಗ ಬಳಸಲು ಅಮೆರಿಕದ ಎಫ್‌ಡಿಎ 1979ರಲ್ಲೇ ಒಪ್ಪಿಗೆ ಕೊಟ್ಟಿದೆ. ಮಂಡಿನೋವು ಇರುವ ಕೆಲವರಿಗೆ ಸ್ವಲ್ಪ ಆರಾಮ ಸಿಗಬಹುದು. ಶುಗರ್, ಬಿಪಿ ವಾಸಿಯಾಗುತ್ತೆ ಅನ್ನೋದಕ್ಕೆ ಆಧಾರವಿಲ್ಲ.

ಯಾರಿಗೆ ಬೇಡ? ಪೇಸ್‌ಮೇಕರ್, ಇನ್ಸುಲಿನ್ ಪಂಪ್, ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ, ಗರ್ಭಿಣಿಯರಿಗೆ ಬೇಡ. ಪೇಸ್‌ಮೇಕರ್ ಕೆಲಸ ಏರುಪೇರಾದರೆ ಜೀವಕ್ಕೇ ಅಪಾಯ. ಫಿಟ್ಸ್ ಬರುವವರು ಡಾಕ್ಟರನ್ನು ಕೇಳದೆ ಬಳಸಬಾರದು.

ಉಳಿದವರಿಗೆ ಅಡ್ಡ ಪರಿಣಾಮ ಕಡಿಮೆ. ಆದರೆ ಮ್ಯಾಟ್ ತಗೊಂಡ್ವಿ ಅಂತ ಮಾತ್ರೆ ನಿಲ್ಲಿಸಿದರೆ ಶುಗರ್, ಬಿಪಿ ಸದ್ದಿಲ್ಲದೆ ಏರುತ್ತೆ. ಉಚಿತ ಕ್ಯಾಂಪ್‌ನಲ್ಲಿ ಮಲಗಿಸುವ ಮುಂಚೆ ಪೇಸ್‌ಮೇಕರ್ ಇದೆಯಾ ಅಂತ ಕೇಳದಿದ್ದರೆ ಎದ್ದು ಬನ್ನಿ.