ಬಾಲಾತಿಸಾರವೂ ಮಲೆನಾಡಿನ ಮಕ್ಕಳ ಬೆಳವಣಿಗೆಯೂ

ಕುದುರೆಮುಖದ ಪರ್ವತಶ್ರೇಣಿಯಲ್ಲಿ ಗಂಗಾಮೂಲವೆಂಬ ಪುಣ್ಯಸ್ಥಳವಿರುವುದನ್ನು ನಮ್ಮ ಜಿಲ್ಲೆಯ ವಾಚಕರಿಗೆ ಹೇಳಬೇಕಾದುದಿಲ್ಲ. ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳು ಅಲ್ಲಿಯ ವರಾಹಪರ್ವತದಲ್ಲಿ ಜನಿಸಿ, ಎರಡು ಮೂಡಲಿಗೂ ಒಂದು ಪಡುವಲಿಗೂ ಹರಿದು ಹೋಗುತ್ತವೆ. ಗುಡ್ಡದ ಅಬ್ಬಿಯ ನೀರು ಅಡಕೆಯ ದಂಬೆಯಲ್ಲಿ ಇಳಿದು ಮನೆಯ ಹಿತ್ತಿಲಿಗೇ ಬಂದು ಬೀಳುವ ಏರ್ಪಾಡು ಈ ಸೀಮೆಯಲ್ಲಿ ಬಹುಕಾಲದಿಂದ ಇದ್ದಿತು. ಇಂಥ ಜಲಸಮೃದ್ಧಿಯ ನಾಡಿನಲ್ಲಿ ಶಿಶುಗಳು ನೀರಿನ ದೋಷದಿಂದಲೇ ಭೇದಿ ಹತ್ತಿ ಸೊರಗುತ್ತಿದ್ದುವು. ಸೊರಗಿಯೂ ಬದುಕಿದುವುಗಳಲ್ಲಿ ಎಷ್ಟೋ ಗಿಡ್ಡವಾಗಿಯೇ ಬೆಳೆದುವು. ಕಳಸ-ಕಾರ್ಕಳದ ಭೈರರಸರ ವಂಶಾವಳಿಯನ್ನೂ ಬಾಬಾಬುಡನರ ಕಾಫಿಯ ಕಥೆಯನ್ನೂ ನಾವು ಬೇಕಾದಷ್ಟು ಸಲ ಬರೆದುಕೊಂಡಿದ್ದೇವೆ. ಈ ಚಿಕ್ಕ ದೇಹಗಳ ಚರಿತ್ರೆಯನ್ನು ವಿಚಾರಿಸಿದವರು ಕಡಮೆ.

ಅದಕ್ಕೆ ಕಾರಣವೂ ಇದೆ. ಮಲೆನಾಡಿನ ರೋಗವೆಂದರೆ ಚಳಿಜ್ವರವೆಂದೇ ರೂಢಿಯಾಗಿದ್ದಿತು. ಕಡೂರು ಜಿಲ್ಲೆಯೆಂದು ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ಮೈಸೂರು ಸರಕಾರದ ಗಮನವೆಲ್ಲ ಮಲೇರಿಯಾದ ಕಡೆಗೇ ತಿರುಗಿದ್ದಿತು. ೧೯೨೦ರ ದಶಕದಿಂದ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ವೈದ್ಯರು ಸಂಸ್ಥಾನಕ್ಕೆ ಬಂದು ಆ ಕಾರ್ಯಕ್ಕೆ ಕೈಕೊಟ್ಟರು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಬಂದು ಜ್ವರದ ಬಲ ಮುರಿಯಿತು. ಜ್ವರಕ್ಕೆ ಹೆಸರಿದ್ದಿತು, ಮದ್ದಿದ್ದಿತು, ಇಲಾಖೆಯಿದ್ದಿತು. ಮಕ್ಕಳ ಭೇದಿಗೆ ಇವಾವುವೂ ಇರಲಿಲ್ಲ. ಹಳ್ಳಿಗಳಲ್ಲಿ ಜನನಮರಣಗಳ ಲೆಕ್ಕವನ್ನು ಇಡುತ್ತಿದ್ದವರು ವೈದ್ಯರಲ್ಲ, ಪಟೇಲರೂ ಶಾನುಭೋಗರೂ. ಸತ್ತ ಶಿಶು ಬಹುಮಟ್ಟಿಗೆ ಜ್ವರದ ಕಲಮಿನಲ್ಲಿ ಸೇರಿಹೋಗುತ್ತಿದ್ದಿತು. ಸಾಯದೆ ಉಳಿದು, ಮೂರು ವರ್ಷಕ್ಕೆ ಎರಡು ವರ್ಷದ ಮಗುವಿನಷ್ಟಿದ್ದ ಕೂಸನ್ನು ಬರೆಯುವುದಕ್ಕೆ ಯಾವ ಕಲಮೂ ಇರಲಿಲ್ಲ.

ಆದರೆ ನಮ್ಮ ಪೂರ್ವಿಕರು ಇದನ್ನು ನೋಡಿಯೇ ಇರಲಿಲ್ಲವೆಂದು ತಿಳಿಯಬಾರದು. ಬಾಲಚಿಕಿತ್ಸೆಗೆಂದೇ ಮೀಸಲಾದ ಕಾಶ್ಯಪಸಂಹಿತೆಯು ನೇಪಾಳದಲ್ಲಿ ದೊರೆತ ಓಲೆಯ ಪ್ರತಿಯಿಂದ ಪಂಡಿತ ಹೇಮರಾಜ ಶರ್ಮರ ಪರಿಶ್ರಮದಿಂದ ೧೯೩೮ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಗ್ರಂಥ ಖಂಡಿತವಾಗಿದ್ದರೂ ಅದರಲ್ಲಿ ಉಳಿದುಬಂದಿರುವ ಫಕ್ಕರೋಗದ ಪ್ರಕರಣ ಅಮೂಲ್ಯವಾದುದು. ಒಂದು ವರ್ಷ ತುಂಬಿದರೂ ಹೆಜ್ಜೆಯಿಡಲಾರದ ಮಗುವಿಗೆ ಫಕ್ಕವೆಂದು ಹೆಸರಿಟ್ಟು, ಕ್ಷೀರಜ, ಗರ್ಭಜ, ವ್ಯಾಧಿಜ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ದುಷ್ಟವಾದ ಮೊಲೆಹಾಲಿನಿಂದ ಬಂದುದು ಮೊದಲನೆಯದು; ತಾಯಿ ಮತ್ತೆ ಗರ್ಭಿಣಿಯಾಗಿ ಹಾಲು ಬತ್ತಿದಾಗ ಬಂದುದು ಎರಡನೆಯದು; ರೋಗಗಳು ಮೇಲಿಂದ ಮೇಲೆ ಬಂದು ಮಾಂಸಬಲಗಳನ್ನು ಕರಗಿಸಿದುದರಿಂದ ಬಂದುದು ಮೂರನೆಯದು. ಒಣಗಿದ ತೊಡೆ ತೋಳುಗಳು, ಉಬ್ಬಿದ ಹೊಟ್ಟೆ, ದೊಡ್ಡದಾಗಿ ಕಾಣುವ ತಲೆ ಎಂಬ ಲಕ್ಷಣಗಳನ್ನು ಓದಿದಾಗ ಕ್ಷಾಮಕಾಲದ ಛಾಯಾಚಿತ್ರವನ್ನೇ ಕಂಡಂತಾಗುತ್ತದೆ. ಅಂಥ ಮಗುವಿಗೆ ನಡೆಯುವುದನ್ನು ಕಲಿಸಲು ಮೂರು ಗಾಲಿಯ ರಥವನ್ನೂ ಆಚಾರ್ಯರು ವಿಧಿಸಿದ್ದಾರೆ.

ಇದಕ್ಕೆ ಸಮಾನವಾದ ಇನ್ನೊಂದು ಸಂಗತಿಯುಂಟು. ಗರ್ಭಿಣಿಯ ಹಾಲನ್ನು ಕುಡಿದ ಮಗುವಿಗೆ ಬರುವ ಕೃಶತೆಗೆ ವಾಗ್ಭಟನೂ ಮಾಧವಕರನೂ ಪಾರಿಗರ್ಭಿಕವೆಂದು ಹೆಸರಿಟ್ಟರು. ಪಶ್ಚಿಮ ಆಫ್ರಿಕದ ಗೋಲ್ಡ್‌ಕೋಸ್ಟ್ ಪ್ರಾಂತದಲ್ಲಿ ಕೆಲಸಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ೧೯೩೩ರಲ್ಲಿ ವರ್ಣಿಸಿ, ೧೯೩೫ರಲ್ಲಿ ಆ ನಾಡಿನ ಗಾ ಭಾಷೆಯ ಹೆಸರಿನಿಂದಲೇ ಕ್ವಾಶಿಯೋರ್ಕರ್ ಎಂದು ಲೋಕಕ್ಕೆ ತಿಳಿಸಿದ ರೋಗದ ಅರ್ಥವೂ, ತಮ್ಮನೋ ತಂಗಿಯೋ ಹುಟ್ಟಿದಾಗ ಸ್ಥಾನ ಕಳೆದುಕೊಂಡ ಹಿರಿಯ ಕೂಸಿನ ಬೇನೆಯೆಂದೇ. ಪರಸ್ಪರ ಪರಿಚಯವಿಲ್ಲದ ಎರಡು ಜನಾಂಗಗಳ ತಾಯಂದಿರು ಒಂದೇ ಮಾತನ್ನು ಕಂಡುಕೊಂಡಿದ್ದಾರೆ.

ಆದರೆ ಶಾಸ್ತ್ರವು ಹೇಳಿದುದೆಲ್ಲವನ್ನೂ ಪ್ರಮಾಣವೆಂದು ಹಿಡಿಯಲಾಗದು. ಹಲ್ಲು ಹುಟ್ಟುವುದೇ ಶಿಶುವಿನ ಭೇದಿಗೆ ಮೂಲವೆಂಬ ಭಾವನೆ ವಾಗ್ಭಟನ ಉತ್ತರಸ್ಥಾನದಿಂದ ಹಿಡಿದು ನಮ್ಮ ಅಜ್ಜಿಯರ ತನಕ ಅವಿಚ್ಛಿನ್ನವಾಗಿ ಬಂದಿದೆ. ಹಲ್ಲು ಹುಟ್ಟುವ ಪ್ರಾಯವೇ ಮಗು ಅಂಬೆಗಾಲಿಡುವ ಪ್ರಾಯ. ನೆಲದಲ್ಲಿ ಕಂಡುದನ್ನೆಲ್ಲ ಬಾಯಿಗೆ ಹಾಕುವ ಪ್ರಾಯ. ಎದೆಹಾಲಿನ ಮೇಲೆ ಗಂಜಿ ನೀರುಗಳು ಮೊದಲಾಗುವ ಪ್ರಾಯ. ದೋಷ ಹಲ್ಲಿನದಲ್ಲ, ಕೈಯದು, ಬಟ್ಟಲಿನದು. ಹಲ್ಲಿನ ಭೇದಿ ತಾನಾಗಿಯೇ ನಿಲ್ಲುವುದೆಂದು ಕಾದು ಕುಳಿತು ಎಷ್ಟು ಮನೆಗಳು ಕೂಸುಗಳನ್ನು ಕಳೆದುಕೊಂಡುವೋ! ಲಂಘನದ ವಿಷಯದಲ್ಲಿಯೂ ಹೀಗೆಯೇ. ಆಮಾತಿಸಾರದ ಆರಂಭದಲ್ಲಿ ಉಪವಾಸವನ್ನು ಹೇಳಿದ ಶಾಸ್ತ್ರವೇ ಅದರ ಬೆನ್ನಿಗೆ ಮಂಡ, ಪೇಯ, ಲಾಜಮಂಡಗಳನ್ನು, ಎಂದರೆ ಗಂಜಿಯ ತಿಳಿಯನ್ನೂ ಅರಳಿನ ಗಂಜಿಯನ್ನೂ ವಿಧಿಸುತ್ತದೆ. ಜನರು ಮೊದಲ ಮಾತನ್ನು ನೆನಪಿಟ್ಟು ಎರಡನೆಯದನ್ನು ಮರೆತರು. ನೀರು ಕೊಟ್ಟರೆ ಭೇದಿ ಹೆಚ್ಚುವುದೆಂದು ಬಾಯಾರಿ ಅಳುವ ಮಗುವಿಗೆ ತೊಟ್ಟು ನೀರನ್ನೂ ತಪ್ಪಿಸಿದ ಮನೆಗಳು ಬಡವರವು ಮಾತ್ರವಲ್ಲ.

ಇನ್ನು ಕಾಫಿತೋಟಗಳ ಮಾತು. ೧೮೩೦ರ ದಶಕದಿಂದ ಐರೋಪ್ಯರು ಈ ಬೆಟ್ಟಗಳಲ್ಲಿ ತೋಟಗಳನ್ನು ಹಾಕತೊಡಗಿದ ಮೇಲೆ ಆಳುಗಳ ಅಗತ್ಯ ಹೆಚ್ಚಿತು. ದಕ್ಷಿಣಕನ್ನಡದಿಂದ ಜನರು ಮೇಸ್ತ್ರಿಗಳ ಕೈಯಿಂದ ಮುಂಗಡ ಪಡೆದು ಘಟ್ಟ ಹತ್ತಿದರು. ಮುಂಗಡ ಪಡೆದು ಕೆಲಸಕ್ಕೆ ಬಾರದವರನ್ನು ದಂಡಿಸಲು ೧೮೫೯ರ ಕರಾರುಭಂಗದ ಶಾಸನವಿದ್ದಿತು. ಬ್ರಿಟಿಷ್ ಇಂಡಿಯಾದಲ್ಲಿ ಅದು ರದ್ದಾದುದು ೧೯೨೫ರಲ್ಲಿ. ಮೇಸ್ತ್ರಿಯ ಪುಸ್ತಕದಲ್ಲಿ ಆಳಿನ ಹೆಸರೂ ಮುಂಗಡವೂ ಇದ್ದುವು. ಸೊಂಟದ ಮೇಲೆ ಬಂದ ಕೂಸಿನ ಹೆಸರು ಇರಲಿಲ್ಲ. ಸಾಲಾಗಿ ಕಟ್ಟಿದ ಲೈನುಮನೆಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಹಿಂದೆ ಹಳ್ಳ, ಮುಂದೆ ಕೆಸರು. ಬೆಳಗ್ಗೆ ತೋಟಕ್ಕೆ ಹೋದ ತಾಯಿ ಹೊತ್ತಿಳಿದ ಮೇಲೆ ಬರುವಳು. ಆರೇಳು ವರ್ಷದ ಅಕ್ಕನ ಕೈಯಲ್ಲಿ ಎಂಟು ತಿಂಗಳ ತಂಗಿ. ಬೆಳಗ್ಗೆ ಬೇಯಿಸಿದ ಗಂಜಿ ಮಧ್ಯಾಹ್ನಕ್ಕೆ ತಣ್ಣಗಾಗಿ, ನೊಣ ಕುಳಿತು, ಹಳ್ಳದ ನೀರು ಬೆರೆತು ಆ ಕೂಸಿನ ಬಾಯಿಗೆ ಹೋಗುತ್ತಿದ್ದಿತು. ನೀರನ್ನು ಕಾಯಿಸಿ ಕುಡಿಯಿರೆಂದು ಉಪದೇಶಿಸುವವರು ಆಷಾಢದ ಮಳೆಯಲ್ಲಿ ಒಣಸೌದೆಯ ಬೆಲೆಯೇನೆಂಬುದನ್ನು ಯೋಚಿಸಿದವರಲ್ಲ. ಕೊಟ್ಟಿಗೆಯುಳ್ಳ ಒಕ್ಕಲಿಗೆ ಸೌದೆ ಕೂಡಿಡಲು ಸ್ಥಳವಿದ್ದಿತು. ಒಂದು ಕೋಣೆಯ ಸಂಸಾರಕ್ಕೆ ಎಲ್ಲಿಯದು?

ಸ್ವಾತಂತ್ರ್ಯಾನಂತರ ೧೯೫೧ರಲ್ಲಿ ಬಂದ ತೋಟಕಾರ್ಮಿಕರ ಕಾಯಿದೆಯು ಕುಡಿಯುವ ನೀರು, ಕಕ್ಕಸು, ವೈದ್ಯಸಹಾಯ ಇವುಗಳನ್ನು ಒಡೆಯರ ಹೊಣೆಯಾಗಿ ಮಾಡಿತು. ೫೦ ಅಥವಾ ಹೆಚ್ಚು ಮಂದಿ ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹವಿರಬೇಕೆಂದೂ ವಿಧಿಸಿತು. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಆ ಕಾಯಿದೆ ಮೊದಲು ಅನ್ವಯಿಸಿದುದು ೨೫ ಎಕರೆಗೆ ಕಡಮೆಯಿಲ್ಲದ, ೩೦ ಆಳುಗಳಿಗೆ ಕಡಮೆಯಿಲ್ಲದ ತೋಟಗಳಿಗೆ. ನಮ್ಮ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರು. ಅವರ ತೋಟಗಳಲ್ಲಿ ದುಡಿದ ತಾಯಂದಿರ ಕೂಸುಗಳು ಕಾಯಿದೆಯ ಬೇಲಿಯ ಹೊರಗೇ ಉಳಿದುವು.

ಭೇದಿಯ ಮದ್ದಿನ ಚರಿತ್ರೆಯಲ್ಲಿ ನಮ್ಮ ದೇಶದವರ ಪಾತ್ರ ಹೆಮ್ಮೆಪಡತಕ್ಕದ್ದು. ಕಲ್ಕತ್ತೆಯ ಡಾಕ್ಟರ್ ಹೇಮೇಂದ್ರನಾಥ ಚಟರ್ಜಿಯವರು ವಾಂತಿಭೇದಿಯ ರೋಗಿಗಳಿಗೆ ಉಪ್ಪು ಸಕ್ಕರೆಗಳ ನೀರನ್ನು ಬಾಯಿಯಿಂದಲೇ ಕೊಟ್ಟು ಗುಣಪಡಿಸಿದುದನ್ನು ೧೯೫೩ರಲ್ಲಿ ಪ್ರಕಟಿಸಿದರು. ಆಗ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಸಕ್ಕರೆಯ ಜೊತೆಗೆ ಉಪ್ಪಿನ ಅಂಶವೂ ಕರುಳಿನ ಗೋಡೆಯನ್ನು ದಾಟುವುದೆಂಬ ತತ್ತ್ವವನ್ನು ರಾಬರ್ಟ್ ಕ್ರೇನ್ ೧೯೬೦ರಲ್ಲಿ ತಿಳಿಸಿದನು. ಉಪ್ಪು ಹೋದ ಕಡೆಗೆ ನೀರೂ ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಈ ದಾರಿ ಮುಚ್ಚುವುದಿಲ್ಲ. ೧೯೬೮ರಲ್ಲಿ ಢಾಕಾದಲ್ಲಿ ಇದು ಪ್ರಯೋಗಸಿದ್ಧವಾಯಿತು. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ ಡಾಕ್ಟರ್ ದಿಲೀಪ್ ಮಹಲನಬೀಸರು ಡ್ರಮ್ಮುಗಳಲ್ಲಿ ಈ ನೀರನ್ನು ಕಲಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ೩೦ರಷ್ಟಿದ್ದ ಸಾವು, ಹೀಗೆ ಚಿಕಿತ್ಸೆ ಪಡೆದವರಲ್ಲಿ ೪ಕ್ಕಿಂತಲೂ ಕೆಳಗಿಳಿಯಿತು. ಈ ಮಹನೀಯರು ೨೦೨೨ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದುದು ಮರುವರ್ಷ. ಒಂದು ಲೀಟರು ಶುದ್ಧವಾದ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು: ಮನೆಯಲ್ಲಿ ಪುಡಿಯ ಪೊಟ್ಟಣವಿಲ್ಲದಾಗ ಇಷ್ಟು ಸಾಕು. ಗಂಜಿಯ ಪಿಷ್ಟವೂ ಕರುಳಿನಲ್ಲಿ ಸಕ್ಕರೆಯಾಗಿಯೇ ಒಡೆಯುವುದರಿಂದ, ಉಪ್ಪು ಹಾಕಿದ ಗಂಜಿತಿಳಿಯಲ್ಲಿಯೂ ಇದೇ ತತ್ತ್ವವಿರುವುದನ್ನು ಲಾಜಮಂಡವನ್ನು ಬಲ್ಲವರು ಗಮನಿಸಬಹುದು.

ಸಾವು ಕಡಮೆಯಾಯಿತು. ಬೆಳವಣಿಗೆ? ಇದೇ ಮುಖ್ಯವಾದ ಪ್ರಶ್ನೆ. ಗ್ವಾಟೆಮಾಲಾ ದೇಶದ ಸಾಂತಾ ಮಾರಿಯಾ ಕೌಕೆ ಎಂಬ ಬೆಟ್ಟದೂರಿನಲ್ಲಿ ಲಿಯೊನಾರ್ಡೊ ಮಾತಾ ಎಂಬ ವಿದ್ವಾಂಸನು ೧೯೬೦ರ ದಶಕದಲ್ಲಿ ಮಕ್ಕಳನ್ನು ಹುಟ್ಟಿದಂದಿನಿಂದ ವರ್ಷಗಟ್ಟಲೆ ತೂಗಿ ಅಳೆದು, ಪ್ರತಿಯೊಂದು ಬೇನೆಯನ್ನೂ ಬರೆದಿಟ್ಟನು. ಮೊದಲ ಕೆಲವು ತಿಂಗಳು ಎದೆಹಾಲಿನ ಬಲದಿಂದ ಏರುವ ತೂಕದ ಗೆರೆ, ಆಮೇಲೆ ಒಂದೊಂದು ಭೇದಿಗೂ ಒಂದೊಂದು ಮೆಟ್ಟಿಲು ಕುಸಿಯುತ್ತಿದ್ದುದು ಅದರಲ್ಲಿ ಕಾಣುತ್ತದೆ. ಭೇದಿಯಾದಾಗ ಹಸಿವು ಅಡಗುತ್ತದೆ; ಉಣಿಸುವವರು ಊಟವನ್ನು ತಡೆಯುತ್ತಾರೆ; ಉಂಡುದೂ ಕರುಳಿಗೆ ಹಿಡಿಯದು; ಜ್ವರವು ಇದ್ದ ಕೊಬ್ಬನ್ನೂ ಸುಡುತ್ತದೆ. ಎರಡು ಬೇನೆಗಳ ನಡುವೆ ಸಾಕಷ್ಟು ವಿರಾಮವೂ ಅನ್ನವೂ ದೊರೆತರೆ ಮಗು ಕಳೆದುದನ್ನು ತುಂಬಿಕೊಳ್ಳುವುದು. ಆ ವಿರಾಮವೇ ಬಡವರ ಮನೆಯಲ್ಲಿ ಇರುವುದಿಲ್ಲ. ಬೇರೆ ಬೇರೆ ದೇಶಗಳ ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪ್ರಕಟವಾದ ಗಣನೆಯ ಪ್ರಕಾರ, ಎರಡು ವರ್ಷದೊಳಗೆ ಐದೈದು ಸಲ ಭೇದಿಯಾದಂತೆಲ್ಲ ಕುಳ್ಳಾಗುವ ಸಂಭವ ಶೇಕಡಾ ೧೩ರಂತೆ ಏರುತ್ತದೆ. ಭೇದಿಯಿಲ್ಲದೆಯೂ ಕೆಡುಕಾಗಬಹುದೆಂಬುದು ಇತ್ತೀಚಿನ ತಿಳಿವಳಿಕೆ. ವೆಲ್ಲೂರೂ ಸೇರಿ ಎಂಟು ಸ್ಥಳಗಳಲ್ಲಿ ೨೦೦೯ರಿಂದ ನಡೆದ ಪರಿಶೋಧನೆಯಲ್ಲಿ, ಹೊರಗೆ ಯಾವ ಲಕ್ಷಣವನ್ನೂ ತೋರದೆ ಕರುಳಿನಲ್ಲಿ ನೆಲೆಸಿದ ಕ್ರಿಮಿಗಳೂ ಮಗುವಿನ ಉದ್ದವನ್ನು ತಗ್ಗಿಸುವುದು ಕಂಡುಬಂದಿತು.

ಇಷ್ಟಾದರೂ ಗಿಡ್ಡದೇಹವು ಕುಲಗುಣವೆಂದು ಹೇಳುವವರು ಇದ್ದಾರೆ. ವಿದ್ವಾಂಸರಲ್ಲಿಯೂ ಈ ಮಾತು ಒಮ್ಮೆ ಎದ್ದಿತ್ತು. ೧೯೮೨ರಲ್ಲಿ ಡೇವಿಡ್ ಸೆಕ್ಲರ್ ಎಂಬ ಅರ್ಥಶಾಸ್ತ್ರಜ್ಞನು, ಬಡವರ ಮಕ್ಕಳು ಚಿಕ್ಕವರಾದರೂ ಆರೋಗ್ಯವಂತರೇ ಎಂದು ವಾದಿಸಿದನು. ಪೋಷಣಶಾಸ್ತ್ರದಲ್ಲಿ ನಮ್ಮ ದೇಶದ ಹಿರಿಯರಾಗಿದ್ದ ಡಾಕ್ಟರ್ ಸಿ. ಗೋಪಾಲನ್ ಅವರು ಅದನ್ನು ಕಟುವಾಗಿ ಖಂಡಿಸಿದರು: ಬಡವರಿಗೆ ಒಂದು ಅಳತೆಗೋಲು, ಉಳ್ಳವರಿಗೆ ಇನ್ನೊಂದೇ? ಗೋಪಾಲನ್ನರ ಪಕ್ಷವೇ ನ್ಯಾಯವಾದುದೆಂದು ನನ್ನ ಅಭಿಪ್ರಾಯ. ಒಂದೇ ತರಗತಿಯಲ್ಲಿ ಸಾಹುಕಾರರ ಮಗನನ್ನೂ ಲೈನುಮನೆಯ ಮಗನನ್ನೂ ಒಟ್ಟಿಗೆ ನಿಲ್ಲಿಸಿ ಕಂಡ ಯಾವ ಉಪಾಧ್ಯಾಯನೂ ಬೇರೆ ಮಾತನ್ನು ಆಡಲಾರನು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ೨೦೧೫-೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡಾ ೩೬.೨, ೨೦೧೯-೨೧ರದರಲ್ಲಿ ಶೇಕಡಾ ೩೫.೪. ಆ ಮಧ್ಯದ ವರ್ಷಗಳಲ್ಲಿಯೇ ಊರೂರಿಗೆ ಕಕ್ಕಸುಗಳು ಎದ್ದುವು. ಗೆರೆ ಮಾತ್ರ ಹೆಚ್ಚು ಅಲುಗಲಿಲ್ಲ.

ಇದರಿಂದ ಆಶ್ಚರ್ಯಪಡಬೇಕಾದುದಿಲ್ಲ. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಬಹು ಶ್ರದ್ಧೆಯಿಂದ ನಡೆದು ೨೦೧೮-೧೯ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಮನೆಗೊಂದು ಕಕ್ಕಸು, ಕೈತೊಳೆಯುವ ಏರ್ಪಾಡು, ನೀರಿನ ಶುದ್ಧಿ ಇವುಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರದಿಂದ ಸ್ವಲ್ಪ ಹೆಚ್ಚಿತು. ಕಕ್ಕಸು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಅಂಗಳದಲ್ಲಿ ಕೋಳಿಯೂ ದನವೂ ಓಡಾಡುವ, ನೆಲ ಮಣ್ಣಿನದಾಗಿರುವ, ನೀರು ದೂರದಿಂದ ಹೊತ್ತು ತರಬೇಕಾದ ಮನೆಗೆ ಇಷ್ಟು ಸಾಲದೆಂದು ಅರ್ಥ. ಕೊಳಾಯಿ ಮನೆಯೊಳಗೆ ಬರಬೇಕು, ನೆಲ ಗಟ್ಟಿಯಾಗಬೇಕು, ತಾಯಿಗೆ ಬಿಡುವಿರಬೇಕು. ಇವೆಲ್ಲ ಹಣದ ಮಾತುಗಳು, ಆದುದರಿಂದಲೇ ಉಪದೇಶಗಳಿಗಿಂತ ನಿಧಾನವಾಗಿ ಬರುತ್ತವೆ.

ಒಂದೆರಡು ಒಳ್ಳೆಯ ಸಂಗತಿಗಳೂ ಉಂಟು. ಶಿಶುಗಳ ಭೇದಿಗೆ ಮುಖ್ಯ ಕಾರಣಗಳಲ್ಲೊಂದಾದ ರೋಟಾವೈರಸ್ ಪತ್ತೆಯಾದುದು ೧೯೭೩ರಲ್ಲಿ, ಆಸ್ಟ್ರೇಲಿಯಾದಲ್ಲಿ. ಬೇನೆ ತಾರದೆ ಹಸುಗೂಸುಗಳಲ್ಲಿ ನೆಲೆಸಿದ್ದ ಅದರ ಎರಡು ತಳಿಗಳು ನಮ್ಮ ದೇಶದಲ್ಲಿ ದೊರೆತುವು: ಒಂದನ್ನು ದೆಹಲಿಯವರೂ ಇನ್ನೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರೂ ಗುರುತಿಸಿದರು. ಲಸಿಕೆಯಾಗಿ ಗೆದ್ದುದು ದೆಹಲಿಯ ತಳಿ. ೨೦೧೬ರಿಂದ ರೋಟಾ ಲಸಿಕೆಯು ಸರಕಾರದ ಲಸಿಕೆಗಳಲ್ಲಿ ಸೇರಿತು. ಮೈಸೂರಿನ ಆಹಾರ ಸಂಶೋಧನಾಲಯದವರು ಮೊಳಕೆ ಬರಿಸಿದ ರಾಗಿಯ ಹಿಟ್ಟನ್ನು ಪರಿಶೋಧಿಸಿ, ಅದು ಗಂಜಿಯನ್ನು ತೆಳ್ಳಗೆ ಮಾಡುವುದರಿಂದ ಚಿಕ್ಕ ಹೊಟ್ಟೆಗೆ ಹೆಚ್ಚು ಹಿಟ್ಟನ್ನು ಸೇರಿಸಬಹುದೆಂದು ತೋರಿಸಿದರು. ಘಟ್ಟದ ಮೇಲೂ ಕೆಳಗೂ ರಾಗಿಯ ಮಣ್ಣಿ ಮಾಡುವ ಹೆಂಗಸರಿಗೆ ಇದು ಹೊಸದಾಗಿ ಕಾಣದು.

ಕುದುರೆಮುಖದ ಕಬ್ಬಿಣದ ಗಣಿ ೨೦೦೫ರ ಕೊನೆಗೆ ನಿಂತು, ಅಲ್ಲಿಯ ಜನ ಚದುರಿಹೋಯಿತು. ದಕ್ಷಿಣಕನ್ನಡದಿಂದ ಘಟ್ಟ ಹತ್ತುವವರು ಈಗ ವಿರಳ. ಕೊಯ್ಲಿಗೆ ಅಸ್ಸಾಮು, ಝಾರ್ಖಂಡಗಳಿಂದ ಸಂಸಾರಸಮೇತ ಬರುತ್ತಾರೆ. ಉದ್ಯೋಗಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ೨೦೨೩ರಿಂದ ಗ್ರಾಮಪಂಚಾಯಿತಿಗಳಲ್ಲಿ ಕೂಸಿನಮನೆಗಳು ಆರಂಭವಾದುವು. ತೋಟದ ಲೈನಿನಲ್ಲಿ ಎರಡು ತಿಂಗಳಿದ್ದು ಹೋಗುವ ಅಸ್ಸಾಮಿನ ಕೂಸನ್ನು ಆ ಮನೆಯ ತೂಕದ ತಕ್ಕಡಿಯ ಮೇಲೆ ಯಾರು ಇಡುವರೆಂಬುದನ್ನು ನಮ್ಮ ಪಂಚಾಯಿತಿಗಳ ಸದಸ್ಯರು ಮುಂದಿನ ಕೊಯ್ಲಿಗೆ ಮೊದಲೇ ನಿಶ್ಚಯಿಸಬಹುದು.