ಓಡಿ ಮುಗಿಸಿದವರಿಗೆಲ್ಲ ಪದಕ ಯಾಕೆ? ರಾಬರ್ಟ್ ಮ್ಚಾಲಿಯ ಕತೆ ಓದಿ

ಬೆಂಗಳೂರಲ್ಲಿ ಭಾನುವಾರದ ಓಟಗಳು ಜಾಸ್ತಿಯಾದ ಹಾಗೆ ಒಂದು ವಾದವೂ ಜಾಸ್ತಿಯಾಗಿದೆ. ಗೆದ್ದ ಮೂವರಿಗೆ ಪದಕ ಕೊಡಿ, ಸರಿ. ಹಿಂದೆ ಏದುಸಿರು ಬಿಡ್ತಾ ಬಂದ ಸಾವಿರಾರು ಜನಕ್ಕೂ ಯಾಕೆ ಪದಕ? ಟೀ ಶರ್ಟ್ ಯಾಕೆ, ಸರ್ಟಿಫಿಕೇಟ್ ಯಾಕೆ? ಎಲ್ಲರ ಕೊರಳಿಗೂ ಹಾಕಿದ್ರೆ ಪದಕಕ್ಕೆ ಬೆಲೆ ಎಲ್ಲಿ ಉಳೀತು?

ಈ ದನಿ ನಮಗೆ ಹೊಸದೇನಲ್ಲ. ಸೀಟು, ಕೆಲಸ, ಬಡ್ತಿ ಅಂದಾಗೆಲ್ಲ ಕೇಳಿದ ದನಿಯೇ. ಇಲ್ಲಿ ‘ಮೆರಿಟ್’ ಅನ್ನೋ ಪದ ಒಂದನ್ನ ಬಾಯಿಬಿಟ್ಟು ಹೇಳಲ್ಲ, ಅಷ್ಟೇ ವ್ಯತ್ಯಾಸ.

ಕೊಡಬೇಕು ಅನ್ನೋದು ನನ್ನ ಮಾತು. ಯಾಕೆ ಅಂತ ಹೇಳೋಕೆ ದಕ್ಷಿಣ ಆಫ್ರಿಕಾದ ಒಂದು ಓಟದ ಕತೆ ಹೇಳಬೇಕು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ ಸುಮಾರು 90 ಕಿಲೋಮೀಟರ್. ಬೆಟ್ಟ ಹತ್ತಿ ಇಳಿಯೋ ರಸ್ತೆ. ಪೀಟರ್‌ಮಾರಿಟ್ಸ್‌ಬರ್ಗ್ ಅಂದ್ರೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದೇ ಒಂದು ಪ್ರಸಂಗ: 1893ರಲ್ಲಿ ಗಾಂಧಿಯವರನ್ನ ರೈಲಿನಿಂದ ಇಳಿಸಿದ್ದು. ಅದಕ್ಕೂ 33 ವರ್ಷ ಮೊದಲೇ, 1860ರಲ್ಲಿ, ಮದ್ರಾಸಿನಿಂದ ಹಡಗು ತುಂಬಾ ಕರಾರು ಕೂಲಿಗಳನ್ನ ಕಬ್ಬಿನ ಗದ್ದೆಗೆ ಅಂತ ಡರ್ಬನ್ನಿಗೆ ತಂದು ಇಳಿಸಿದ್ದರು. ಆಮೇಲೂ ಹಡಗುಗಳು ಬರ್ತಾನೇ ಇದ್ದವು. ಅದರಲ್ಲಿ ಬಂದವರಲ್ಲಿ ನಮ್ಮ ಜನ ಎಷ್ಟೋ ಮಂದಿ. ಅವರು ಪಠ್ಯಕ್ಕೆ ಬರೋದು ಕಮ್ಮಿ. ಇರ್ಲಿ, ಅದು ಬೇರೆ ಪೋಸ್ಟ್.

ಈ ರಸ್ತೆಯಲ್ಲಿ ಓಟ ಶುರು ಮಾಡಿದವನು ವಿಕ್ ಕ್ಲ್ಯಾಪಮ್, ರೈಲು ಎಂಜಿನ್ ಓಡಿಸ್ತಿದ್ದ ಬಿಳಿಯ. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದ ಕಾಡುಮೇಡಿನಲ್ಲಿ ಸಾವಿರಾರು ಕಿಲೋಮೀಟರ್ ನಡೆದು ಬಂದವನು. ಜೊತೆಗೆ ನಡೆದು ಸತ್ತ ಗೆಳೆಯರ ನೆನಪಿಗೆ ಕಲ್ಲು ನೆಡೋದಲ್ಲ, ಮೈ ದಂಡಿಸೋ ಒಂದು ಪರೀಕ್ಷೆ ಇರಬೇಕು ಅಂತ ಅವನ ಹಟ. ಮಾಜಿ ಸೈನಿಕರ ಸಂಘ ಹುಚ್ಚು ಅಂತ ಹಿಂದಕ್ಕೆ ಕಳಿಸ್ತು. ಮತ್ತೆ ಹೋದ. ಕೊನೆಗೆ ಖರ್ಚಿಗೆ ಒಂದು ಪೌಂಡ್ ಸಾಲ ಕೊಟ್ಟು ಒಪ್ಪಿದರು. 1921ರ ಮೇ 24ರಂದು 34 ಜನ ಹೊರಟರು, 16 ಜನ ಮುಗಿಸಿದರು. ಇದೇ ಕಾಮ್ರೇಡ್ಸ್ ಮ್ಯಾರಥಾನ್. ನಮ್ಮ ಕೆಂಪು ಕಾಮ್ರೇಡುಗಳಿಗೂ ಇದಕ್ಕೂ ಸಂಬಂಧ ಇಲ್ಲ, ಇಲ್ಲಿ ಕಾಮ್ರೇಡ್ ಅಂದ್ರೆ ಜೊತೆಗಿದ್ದ ಸೈನಿಕ.

ನಿಗದಿತ ಸಮಯದೊಳಗೆ ಮುಗಿಸಿದವರಿಗೆ ಪದಕ ಅನ್ನೋದು ಈ ಓಟದ ಹಳೇ ಪದ್ಧತಿ. ಮೇಲೆ ಹರ್ಮಿಸ್ ದೇವತೆಯ ಚಿತ್ರ. ಗಾತ್ರ ನೋಡಿದ್ರೆ ನಗು ಬರತ್ತೆ, ಅಷ್ಟು ಚಿಕ್ಕದು. ನಮ್ಮ ಐದು ಕಿಲೋಮೀಟರ್ ಓಟದಲ್ಲಿ ಊಟದ ತಟ್ಟೆಯಷ್ಟು ಅಗಲದ್ದು ಕೊಡ್ತಾರಲ್ಲ, ಅದರ ಪಕ್ಕ ಇಟ್ಟರೆ ಕಾಣೋದೇ ಇಲ್ಲ. ಆದ್ರೆ ಆ ಚಿಕ್ಕ ಲೋಹದ ಬಿಲ್ಲೆ ಯಾರಿಗೆ ಸಿಕ್ತು, ಯಾರಿಗೆ ಸಿಗಲಿಲ್ಲ ಅನ್ನೋದೇ ಆ ದೇಶದ ಚರಿತ್ರೆ.

ಯುದ್ಧದಲ್ಲಿ ಸತ್ತ ಗೆಳೆಯರ ನೆನಪು ಅಂದ್ರಲ್ಲ, ಯಾವ ಗೆಳೆಯರು? ಅದೇ ಯುದ್ಧಕ್ಕೆ ದಕ್ಷಿಣ ಆಫ್ರಿಕಾದ ಕಪ್ಪು ಜನರೂ ಸಾವಿರಗಟ್ಟಲೆ ಹೋಗಿದ್ದರು. ಅವರ ಕೈಗೆ ಬಂದೂಕು ಕೊಡಲಿಲ್ಲ, ಬಿಳಿಯರ ವಿರುದ್ಧ ಕಪ್ಪು ಕೈಗೆ ಬಂದೂಕು ಕೊಟ್ಟು ಅಭ್ಯಾಸ ಆಗಬಾರದು ಅಂತ. ಫ್ರಾನ್ಸಿನಲ್ಲಿ ಮೂಟೆ ಹೊರೋದು, ಮರ ಕಡಿಯೋದು, ರಸ್ತೆ ಹಾಕೋದು. 1917ರ ಫೆಬ್ರವರಿ 21ರಂದು ಅವರನ್ನ ಹೊತ್ತ ಮೆಂಡಿ ಅನ್ನೋ ಹಡಗು ಇಂಗ್ಲಿಷ್ ಕಾಲುವೆಯಲ್ಲಿ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸಾಮ್ರಾಜ್ಯ ಈ ಕಾರ್ಮಿಕ ದಳಗಳಿಗೆ ಕಂಚಿನ ಯುದ್ಧ ಪದಕ ಕೊಡಲು ಹೊರಟಿತು. ದಕ್ಷಿಣ ಆಫ್ರಿಕಾದ ಬಿಳಿ ಸರ್ಕಾರ ತನ್ನ ಕಪ್ಪು ಜನಕ್ಕೆ ಅದನ್ನ ಕೊಡಲಿಲ್ಲ. ಪಕ್ಕದ ಬಸುಟೋಲ್ಯಾಂಡಿನಂಥ ಬ್ರಿಟಿಷ್ ಪ್ರಾಂತ್ಯಗಳಿಂದ ಹೋದವರಿಗೆ ಸಿಕ್ತು, ಇವರಿಗಿಲ್ಲ.

ಒಂದು ಕಂಚಿನ ಬಿಲ್ಲೆಗೆ ಎಷ್ಟು ಖರ್ಚಾಗ್ತಿತ್ತು ಸ್ವಾಮಿ? ಖರ್ಚಿನ ಪ್ರಶ್ನೆಯೇ ಅಲ್ಲ. ಪದಕ ಕೊಟ್ರೆ, ನೀನೂ ಅಲ್ಲಿದ್ದೆ ಅಂತ ಬರೆದು ಕೊಟ್ಟ ಹಾಗೆ. ಇವತ್ತು ಅಲ್ಲಿದ್ದೆ ಅಂದವನು ನಾಳೆ ಓಟಿನ ಹಕ್ಕು ಕೇಳ್ತಾನೆ, ಭೂಮಿ ಕೇಳ್ತಾನೆ. ಕೋರೆಗಾಂವ್ ಕಂಬ ನಮಗೆ ಯಾಕೆ ಬೇಕು ಅಂತ ಕೇಳೋರಿಗೂ ಇದೇ ಉತ್ತರ. 1818ರಲ್ಲಿ ಸತ್ತ ಮಹಾರ್ ಸೈನಿಕರ ಹೆಸರು ಆ ಕಲ್ಲಿನ ಮೇಲಿವೆ. ಮುಂದೆ ಅದೇ ಬ್ರಿಟಿಷರು ಮಹಾರರನ್ನ ಸೇನೆಗೆ ಸೇರಿಸೋದು ನಿಲ್ಲಿಸಿದಾಗ, ನಾವು ಸೈನಿಕರಾಗಿದ್ದೆವು ಅನ್ನೋಕೆ ಉಳಿದ ಸಾಕ್ಷಿಗಳಲ್ಲಿ ಅದೂ ಒಂದು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿದ್ದು ಕಲ್ಲು ನೋಡೋಕಲ್ಲ.

ಮತ್ತೆ ಓಟಕ್ಕೆ ಬರೋಣ. ನಿಯಮ ಏನಂದ್ರೆ ಬಿಳಿಯ ಗಂಡಸರು ಮಾತ್ರ. ಕಪ್ಪು ಜನ ಇಲ್ಲ, ಕಬ್ಬು ಕಡಿಯೋಕೆ ಬಂದ ಭಾರತೀಯರ ಮಕ್ಕಳೂ ಇಲ್ಲ, ಹೆಂಗಸರೂ ಇಲ್ಲ. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಅನ್ನೋ ಮಹಿಳೆ ಅರ್ಜಿ ಹಾಕಿದಳು, ತಳ್ಳಿಹಾಕಿದರು. ಆದರೂ ಓಡಿ 11 ಗಂಟೆ 35 ನಿಮಿಷಕ್ಕೆ ಮುಗಿಸಿದಳು. ಪದಕ ಕೊಡಲಿಲ್ಲ. ಆದ್ರೆ ಜೊತೆ ಓಡಿದವರು, ನೋಡೋಕೆ ಬಂದವರು ಎಲ್ಲ ಸೇರಿ ಅವಳಿಗೆ ಬೆಳ್ಳಿಯ ಟೀ ಸೆಟ್ಟು, ಒಂದು ಹೂದಾನಿ ಕೊಟ್ಟರು.

ಇದನ್ನ ಓದಿದಾಗೆಲ್ಲ ನನಗೆ ಪಾಲ್ವಂಕರ್ ಬಾಳೂ ನೆನಪಾಗ್ತಾರೆ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಬೌಲರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದವರು. ಪುಣೆಯ ಹಿಂದೂ ತಂಡದಲ್ಲಿ ಆಡುವಾಗ ಅವರು ಎಸೆದ ಚೆಂಡು ಮುಟ್ಟೋಕೆ ಯಾರಿಗೂ ಮೈಲಿಗೆ ಇರಲಿಲ್ಲ. ಟೀ ಹೊತ್ತಿಗೆ ಮಾತ್ರ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು, ಬಾಳೂಗೆ ಹೊರಗೆ ಕುಡಿದು ಎಸೆಯೋ ಮಣ್ಣಿನ ಕುಡಿಕೆ. ವಿಕೆಟ್ ಎಷ್ಟು ಬಿದ್ದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಅಲ್ಲಿ ಪದಕದ ಬದಲು ಬೆಳ್ಳಿ ಟೀ ಸೆಟ್ಟು, ಇಲ್ಲಿ ಮಣ್ಣಿನ ಕುಡಿಕೆ. ಹೇವರ್ಡ್‌ಗೆ ಆದದ್ದೂ ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅನ್ಯಾಯಕ್ಕೂ ಮೆಟ್ಟಿಲುಗಳಿವೆ. ಅಂಥ ಮೆಟ್ಟಿಲಿನ ಕೆಳಗೆ ನಿಂತವನೇ ರಾಬರ್ಟ್ ಮ್ಚಾಲಿ.

1935. ಮ್ಚಾಲಿ ಕಪ್ಪು ಮನುಷ್ಯ. ಅಧಿಕೃತ ನಂಬರ್ ಇಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ಬಿಳಿಯರ ಜೊತೆ ಅದೇ ರಸ್ತೆಯಲ್ಲಿ ಓಡಿ 9 ಗಂಟೆ 30 ನಿಮಿಷಕ್ಕೆ ಮುಗಿಸಿದ. ಕಾಮ್ರೇಡ್ಸ್ ಓಡಿ ಮುಗಿಸಿದ ಮೊದಲ ಕಪ್ಪು ಓಟಗಾರ ಅಂತ ಇವತ್ತು ಅವನನ್ನ ಗುರುತಿಸ್ತಾರೆ. ಅವತ್ತು ಅಧಿಕೃತ ಫಲಿತಾಂಶದಲ್ಲಿ ಅವನಿಲ್ಲ, ಪದಕವೂ ಇಲ್ಲ.

ಇಲ್ಲೊಂದು ಲೆಕ್ಕ ನೋಡಿ. 1921ರ ಮೊದಲ ಓಟ ಗೆದ್ದ ಬಿಲ್ ರೋವನ್ ತಗೊಂಡ ಸಮಯ 8 ಗಂಟೆ 59 ನಿಮಿಷ. ಎರಡನೆಯವನು ಬಂದಿದ್ದು 41 ನಿಮಿಷ ಆದ ಮೇಲೆ, ಅಂದ್ರೆ 9 ಗಂಟೆ 40 ನಿಮಿಷಕ್ಕೆ. ಮ್ಚಾಲಿಯದು 9 ಗಂಟೆ 30 ನಿಮಿಷ. ರಸ್ತೆ, ಹವೆ, ದಿನ ಎಲ್ಲ ಬೇರೆ, ನೇರ ಹೋಲಿಸೋಕೆ ಆಗಲ್ಲ ಅಂತ ನನಗೂ ಗೊತ್ತು. ಆದ್ರೂ ಗಡಿಯಾರದ ಲೆಕ್ಕದಲ್ಲಿ, 14 ವರ್ಷ ಮೊದಲು ಎರಡನೇ ಸ್ಥಾನ ಪಡೆದವನಿಗಿಂತ ಈ ಮನುಷ್ಯ ವೇಗವಾಗಿ ಬಂದಿದ್ದ. ಇನ್ನೊಂದು: ರೋವನ್ ಗೆದ್ದ ಸಮಯಕ್ಕೆ ಇವತ್ತು ಗೆಲುವಿನ ಹತ್ತಿರವೂ ಸುಳಿಯೋಕೆ ಆಗಲ್ಲ. 9 ಗಂಟೆಯೊಳಗೆ ಬಂದವರಿಗೆ ಅಂತ 2000ನೇ ಇಸವಿಯಿಂದ ಬಿಲ್ ರೋವನ್ ಹೆಸರಲ್ಲೇ ಒಂದು ಪದಕ ಇದೆ, ಅದು ಸಿಗತ್ತೆ ಅಷ್ಟೆ. ಅಂದಿನ ಚಾಂಪಿಯನ್ ಇಂದಿನ ಗುಂಪಿನಲ್ಲಿ ಒಬ್ಬ. ಮೆರಿಟ್ ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದು ಅಂತ ಮಾತಾಡೋರು ಈ ಗಡಿಯಾರವನ್ನೊಮ್ಮೆ ನೋಡಲಿ.

ಮ್ಚಾಲಿ ಆದ ಮೇಲೆ 40 ವರ್ಷ. ನಂಬರ್ ಇಲ್ಲದೆ ಓಡಿದ ಕಪ್ಪು ಓಟಗಾರರು ಆಮೇಲೂ ಇದ್ದರು. ಬಾಗಿಲು ತೆರೆದದ್ದು 1975ರಲ್ಲಿ, ಕಪ್ಪು ಜನಕ್ಕೂ ಹೆಂಗಸರಿಗೂ ಒಟ್ಟಿಗೇ. ಮನಸ್ಸು ಕರಗಿ ತೆರೆದರು ಅಂತ ತಿಳೀಬೇಡಿ. 1970ರಲ್ಲೇ ಒಲಿಂಪಿಕ್ ಸಮಿತಿ ಆ ದೇಶವನ್ನ ಹೊರಹಾಕಿತ್ತು, ಜಗತ್ತಿನ ಆಟದ ಮೈದಾನಗಳು ಒಂದೊಂದಾಗಿ ಮುಚ್ಚಿಕೊಳ್ತಿದ್ದವು. ಆ ವರ್ಷ ವಿನ್ಸೆಂಟ್ ರಕಾಬೇಲೆ 20ನೆಯವನಾಗಿ ಬಂದು ಅಧಿಕೃತವಾಗಿ ಪದಕ ಪಡೆದ ಮೊದಲ ಕಪ್ಪು ಓಟಗಾರನಾದ. ಅವನು ಲೆಸೋಥೋದವನು. ಲೆಸೋಥೋ ಅಂದ್ರೆ ಅದೇ ಹಳೇ ಬಸುಟೋಲ್ಯಾಂಡ್. ಯುದ್ಧದ ಕಂಚಿನ ಪದಕವೂ ಆ ಕಡೆಯವರಿಗೇ ಸಿಕ್ಕಿತ್ತಲ್ವಾ. ಒಬ್ಬ ಕಪ್ಪು ಓಟಗಾರ, ಸ್ಯಾಮ್ ಚಬಲಾಲಾ, ಇಡೀ ಓಟವನ್ನೇ ಗೆದ್ದಿದ್ದು 1989ರಲ್ಲಿ. ಮೊದಲು 20ನೇ ಸ್ಥಾನದವನಿಗೆ ಪದಕ, 14 ವರ್ಷ ಆದ ಮೇಲೆ ಗೆಲುವು. ಓಡೋಕೆ, ಮುಗಿಸೋಕೆ, ಲೆಕ್ಕಕ್ಕೆ ಸಿಗೋಕೆ ಬಿಡದೆ ನಿಮ್ಮಲ್ಲಿ ಗೆದ್ದವರು ಯಾರೂ ಇಲ್ವಲ್ಲ ಅಂತ ಕೇಳೋದು ಅಲ್ಲೂ ಇತ್ತು, ಇಲ್ಲೂ ಇದೆ.

ಅಮೆರಿಕದಲ್ಲೂ ಇಂಥದ್ದೇ. 1966ರಲ್ಲಿ ಬಾಬಿ ಗಿಬ್ ಪೊದೆಯ ಹಿಂದೆ ಅಡಗಿ ಕೂತು ಬಾಸ್ಟನ್ ಮ್ಯಾರಥಾನ್ ಓಡಿದಳು. ಪದಕ ಕೊಟ್ಟಿದ್ದು 1996ರಲ್ಲಿ, 30 ವರ್ಷ ಆದ ಮೇಲೆ.

ಎಲ್ಲರಿಗೂ ಕೊಡೋದು ಅಂದ್ರೆ ಪುಕ್ಕಟೆ ಹಂಚೋದು ಅನ್ನೋ ಮಾತಿಗೆ ಬರ್ತೀನಿ. ಕಾಮ್ರೇಡ್ಸ್‌ನಲ್ಲಿ ಈಗ ಸಾಮಾನ್ಯವಾಗಿ 12 ಗಂಟೆಯ ಗಡುವು. ಗಡುವು ಮುಗಿಯೋ ಕ್ಷಣದಲ್ಲಿ ಅಧಿಕಾರಿಯೊಬ್ಬ ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಬಂದೂಕು ಹಾರಿಸ್ತಾನೆ. ಮುಖ ನೋಡಿದ್ರೆ ಕರುಣೆ ಬಂದು ತಡ ಮಾಡಿಯಾನು ಅಂತ. ಒಂದು ಸೆಕೆಂಡ್ ತಡವಾದವನಿಗೂ ಪದಕ ಇಲ್ಲ. ಬೆಳಗಿನ ಜಾವ ಹೊರಟು 90 ಕಿಲೋಮೀಟರ್ ಓಡಿ ಗೆರೆಯ ಮುಂದೆ ತೆವಳ್ತಿದ್ದವನಿಗೂ ಇಲ್ಲ. ಆ ವಿಡಿಯೋಗಳನ್ನ ನೋಡೋಕಾಗಲ್ಲ, ಕ್ರೂರ ಅನ್ಸತ್ತೆ. ಆದ್ರೆ ಒಂದು ಒಪ್ಕೋಬೇಕು: ಈ ಬಂದೂಕು ಬಣ್ಣ ನೋಡಲ್ಲ. ಅದೇ ದೂರ, ಅದೇ ಗಡಿಯಾರ. ಮ್ಚಾಲಿಗೂ ಬೇಕಿದ್ದದ್ದು ಇಷ್ಟೇ. ಅವನಿಗೋಸ್ಕರ ರಸ್ತೆಯನ್ನ ಒಂದು ಗಜ ಕಡಿಮೆ ಮಾಡಿ ಅಂತ ಯಾರೂ ಕೇಳಿರಲಿಲ್ಲ.

ಇಷ್ಟು ಹೇಳಿ, ನಮ್ಮೂರ ಓಟಗಳ ಆಯೋಜಕರನ್ನ ಸುಮ್ಮನೆ ಬಿಡೋಕಾಗಲ್ಲ. ಸಾವಿರ, ಎರಡು ಸಾವಿರ ಫೀಸು ಇಟ್ಟು, ಕಂಪನಿ ಲೋಗೋ ಹೊಡೆದ ತಗಡು ಕೊಟ್ಟು, ಫೋಟೋ ಬೇರೆ ದುಡ್ಡಿಗೆ ಮಾರೋದು ವ್ಯಾಪಾರ. ಸುಮ್ಮನೆ ಬಂದು ಅರ್ಧಕ್ಕೇ ಆಟೋ ಹತ್ತಿದವನಿಗೂ ಪದಕ ಕೊಡೋದಾದ್ರೆ ಅದು ಮುಗಿಸಿದವನಿಗೆ ಮಾಡೋ ಅವಮಾನ. ಟೀ ಶರ್ಟು, ಚೀಲ, ಟೋಪಿ, ಇವೆಲ್ಲ ಬೇಡವೇ ಬೇಡ ಅಂದ್ರೂ ನನ್ನ ತಕರಾರಿಲ್ಲ, ಫೀಸು ಕಡಿಮೆಯಾಗಿ ಸರ್ಕಾರಿ ಹಾಸ್ಟೆಲ್ ಹುಡುಗ ಹುಡುಗಿಯರು ಓಡೋ ಹಾಗಾಗಲಿ. ಅವರು ಮುಗಿಸಿದಾಗ ಪದಕ ಮಾತ್ರ ತಪ್ಪಿಸಬೇಡಿ. ನಮ್ಮ ಎಷ್ಟೋ ಮನೆಗಳ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಪಕ್ಕ ಮಕ್ಕಳ ಹೆಸರಿರೋ ಒಂದೂ ವಸ್ತು ಇರಲ್ಲ. ಅಲ್ಲಿ ನೇತಾಡೋ ಬಿಲ್ಲೆಯ ಬೆಲೆಯನ್ನ, ಶೋಕೇಸ್ ತುಂಬಿ ಡ್ರಾಯರಿಗೆ ತುರುಕೋ ಮನೆಯವರು ನಿರ್ಧರಿಸೋದು ಬೇಡ. ಅಂದಹಾಗೆ, ಓಟ ಶುರುವಾಗೋ ಮೊದಲು ಕತ್ತಲಲ್ಲೇ ಆ ರಸ್ತೆ ಗುಡಿಸಿ, ಮುಗಿದ ಮೇಲೆ ನೀವು ಎಸೆದ ಬಾಟಲಿ ಆಯ್ದುಕೊಂಡ ಪೌರಕಾರ್ಮಿಕರಿಗೆ ಆಯೋಜಕರು ಏನು ಕೊಟ್ಟರು ಅಂತಲೂ ಒಮ್ಮೆ ವಿಚಾರಿಸಿ.

ಮ್ಚಾಲಿಯ ಕತೆ ಮುಗಿಸ್ತೀನಿ. 2019ರಲ್ಲಿ, ಅವನು ಓಡಿ 84 ವರ್ಷ ಆದ ಮೇಲೆ, ಕಾಮ್ರೇಡ್ಸ್ ಓಟದಲ್ಲಿ ಒಂದು ಹೊಸ ಪದಕ ಶುರುವಾಯ್ತು. ಟೈಟಾನಿಯಂನದು. 9 ಗಂಟೆ ದಾಟಿ 10 ಗಂಟೆಯೊಳಗೆ ಮುಗಿಸಿದವರಿಗೆ. ಹೆಸರು ರಾಬರ್ಟ್ ಮ್ಚಾಲಿ ಪದಕ. ಪದಕದ ಪಟ್ಟಿಯಲ್ಲಿ ಅವನ ಹೆಸರು ಬಿಲ್ ರೋವನ್ ಪದಕದ ಮುಂದಿನ ಸಾಲಿನಲ್ಲಿದೆ. ಈಗ ಬಿಳಿಯರು, ಕಪ್ಪು ಜನ, ಡರ್ಬನ್ನಿನ ನಮ್ಮ ಕೂಲಿಗಳ ಮರಿಮಕ್ಕಳು ಎಲ್ಲರೂ ‘ಈ ಸಲ ಒಂದು ಮ್ಚಾಲಿ ತಗೊಳ್ಳೇಬೇಕು’ ಅಂತ ತಿಂಗಳುಗಟ್ಟಲೆ ತಯಾರಿ ಮಾಡ್ತಾರೆ.

ಜೈ ಭೀಮ್.