ರೊಟ್ಟಿಯೊಂದೇ ಊಟವಲ್ಲ

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಊರು. ಇಲ್ಲಿಯ ದೈವವನ್ನು ಕೆಲವರು ಚಾಂಗದೇವನೆಂದೂ ಕೆಲವರು ರಾಜಾಬಾಗಸವಾರನೆಂದೂ ಕರೆಯುತ್ತಾರೆ. ಹಿಂದೂಗಳೂ ಮುಸ್ಲಿಮರೂ ಕೂಡಿಯೇ ನಡೆದುಕೊಳ್ಳುತ್ತಾರೆ. ಬಸ್ಸುಗಳಿಲ್ಲದ ಕಾಲದಲ್ಲಿ ಇಂಥ ಜಾತ್ರೆಗಳಿಗೆ ಗಾಡಿ ಹೂಡಿಕೊಂಡು ಹೊರಟವರ ಬುತ್ತಿಗಂಟಿನಲ್ಲಿ ಏನಿರುತ್ತಿತ್ತು ಎಂಬುದನ್ನು ಎರೆಸೀಮೆಯ ಯಾವ ಹಿರಿಯರನ್ನು ಕೇಳಿದರೂ ಹೇಳಿಯಾರು: ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪುಖಾರ, ಒಂದೆರಡು ಉಳ್ಳಾಗಡ್ಡಿ. ವಾರ ಕಳೆದರೂ ಕೆಡದ ಊಟ.

ಈ ಗಂಟಿನಲ್ಲಿದ್ದುದೆಲ್ಲ ಗಿಡದಿಂದ ಬಂದದ್ದು. ಹೆಚ್ಚಿನದು ಸೋಸದೆ, ಪಾಲಿಶ್ ಮಾಡದೆ, ಇಡಿಯಾಗಿಯೇ ಬೀಸಿದ್ದು ಅಥವಾ ಕುಟ್ಟಿದ್ದು. ಈಚಿನ ವರ್ಷಗಳಲ್ಲಿ ನಗರಗಳಲ್ಲಿ ಕೇಳಿಬರುತ್ತಿರುವ ಒಂದು ಪಥ್ಯವೂ ಇದನ್ನೇ ಹೇಳುತ್ತದೆ. ಮಾಂಸ, ಮೊಟ್ಟೆ, ಹಾಲು ಬೇಡ. ಸಕ್ಕರೆ, ಮೈದಾ, ಸಂಸ್ಕರಿಸಿದ ಎಣ್ಣೆಯೂ ಬೇಡ. ಇಡೀ ಧಾನ್ಯ, ಕಾಳು, ಸೊಪ್ಪು, ಹಣ್ಣು, ಬೀಜಗಳಷ್ಟೇ ಸಾಕು ಎನ್ನುವ ಈ ಪದ್ಧತಿಗೆ ದೊಡ್ಡ ಪ್ರಚಾರ ಸಿಕ್ಕಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾಲಿನ್ ಕ್ಯಾಂಪ್‌ಬೆಲ್ 2005ರಲ್ಲಿ ಪ್ರಕಟಿಸಿದ 'ದಿ ಚೈನಾ ಸ್ಟಡಿ' ಎಂಬ ಪುಸ್ತಕದಿಂದ. ಇದನ್ನು ಆರಂಭಿಸಹೊರಟವರು ಮೊದಲು ಕೇಳುವ ಪ್ರಶ್ನೆ 'ಏನೇನು ಬಿಡಬೇಕು' ಎಂಬುದು. ಎರೆಸೀಮೆಯ ಊಟದ ಚರಿತ್ರೆ ನೋಡಿದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಯಾವುದರ ಜೊತೆಗೆ ಯಾವುದು ಇತ್ತು?

ಮೊದಲಿಗೆ, 'ನಮ್ಮದು' ಎನ್ನುವ ಈ ಊಟದಲ್ಲಿ ಬಹುಪಾಲು ಹೊರಗಿನಿಂದ ಬಂದದ್ದು. ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾಗಿ ಉಳಿದ ಕಾಳುಗಳನ್ನು ಪರೀಕ್ಷಿಸಿದಾಗ, ದಕ್ಷಿಣದ ಆದಿ ಬೇಸಾಯಗಾರರ ಮುಖ್ಯ ಬೆಳೆಗಳು ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯಗಳು ಎಂದು ತಿಳಿದುಬಂತು. ಸಜ್ಜೆ ಮತ್ತು ಅವರೆ ಆಫ್ರಿಕದಿಂದ ಬಂದವು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಸುಮಾರು 3500 ವರ್ಷಗಳ ಹಿಂದಿನ ಅವುಗಳ ಕುರುಹು ಸಿಕ್ಕಿದೆ. ಜೋಳವೂ ಆಫ್ರಿಕದ ಬೆಳೆಯೇ. ಮೆಣಸಿನಕಾಯಿ ಮತ್ತು ಶೇಂಗಾ ಅಮೆರಿಕ ಖಂಡಗಳ ಕಡೆಯವು. ಪೋರ್ಚುಗೀಸರು ಬಂದ ಮೇಲಷ್ಟೇ ಇಲ್ಲಿಗೆ ತಲುಪಿದವು. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಧಾರವಾಡದ ಊಟವನ್ನು ಇಂದು ಊಹಿಸುವುದು ಕಷ್ಟ. ಆದರೆ ಬಸವಣ್ಣನ ಕಾಲದ ಊಟ ಅಂಥದೇ ಆಗಿತ್ತು.

ಹೊರಗಿನಿಂದ ಬಂದರೂ ಜೋಳ ಕನ್ನಡದಲ್ಲಿ ಆಳವಾಗಿ ಬೇರೂರಿತು. ಹಳಗನ್ನಡ ಕಾವ್ಯಗಳಲ್ಲಿ, ಶಾಸನಗಳಲ್ಲಿ ಬರುವ 'ಜೋಳವಾಳಿ' ಎಂಬ ಮಾತು ಒಡೆಯನ ಅನ್ನದ ಋಣಕ್ಕೆ ಪ್ರಾಣ ಕೊಡುವ ವೀರನ ನಿಷ್ಠೆಯನ್ನು ಹೇಳುತ್ತದೆ. ಬೇರೆ ಭಾಷೆಗಳವರು ಉಪ್ಪಿನ ಋಣ ಎನ್ನುವಲ್ಲಿ ಕನ್ನಡಿಗರು ಜೋಳದ ಋಣ ಎಂದರು. ಧಾನ್ಯಗಳಲ್ಲಿಯ ಮೇಲು ಕೀಳಿನ ಜಗಳವೂ ಹೊಸದಲ್ಲ. ಬಾಡದ ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ರಾಗಿ ಮತ್ತು ಭತ್ತವನ್ನು ರಾಮನ ಮುಂದೆ ವಾದಕ್ಕೆ ನಿಲ್ಲಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದರು. ಅಕ್ಕಿ ಉಳ್ಳವರ ಅನ್ನವಾಗಿತ್ತು ಎಂಬುದು ಆ ಕತೆಯ ಹಿಂದೆಯೇ ಇದೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯ ಕರಿ ಎರೆಭೂಮಿ ಮಳೆಗಾಲದ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಮಳೆ ಹಿಂದಾದ ಮೇಲೆ ಬಿತ್ತಿದ ಹಿಂಗಾರಿ ಜೋಳ ಆ ತೇವ ಮತ್ತು ಇಬ್ಬನಿಯ ಮೇಲೆಯೇ ತೆನೆ ಕಟ್ಟುತ್ತದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಎಂ-35-1 ಎಂಬ ಮಾಲದಂಡಿ ತಳಿ ಇಂದಿಗೂ ರೊಟ್ಟಿಯವರ ಮೆಚ್ಚಿನ ಜೋಳ. ಆದರೆ ಹೊಲದಲ್ಲಿ ಜೋಳವೊಂದೇ ಇರುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ಕಡಲೆ, ಅಗಸೆ. ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಕುಸುಬಿ. ಮುಂಗಾರಿನಲ್ಲಿ ಹೆಸರು, ಮಡಿಕೆ, ಗುರೆಳ್ಳು. ಬಿತ್ತದೆ ತಾನಾಗಿ ಬರುವ ಹಕ್ಕರಿಕೆ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನುವುದು. ಕಡಲೆ ಗಿಡದ ಚಿಗುರು ಚಿವುಟಿ ಪಲ್ಯೆ ಮಾಡುವುದು. ಅದರ ಮೇಲೆ ಬಿದ್ದ ಹುಳಿ ಇಬ್ಬನಿಯನ್ನು ಬಟ್ಟೆ ಹಾಸಿ ಹಿಂಡಿ ಮದ್ದಿಗೆಂದು ತೆಗೆದಿಡುವುದು.

ಇವೆಲ್ಲ ಒಟ್ಟಾಗಿ ಕಾಣುತ್ತಿದ್ದುದು ಎಳ್ಳ ಅಮಾವಾಸ್ಯೆಯ ದಿನ. ಚರಗ ಚೆಲ್ಲಲು ಹೊಲಕ್ಕೆ ಹೋಗುವ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ರೊಟ್ಟಿ, ನುಚ್ಚು ಹಾಕಿದ ಪುಂಡಿಪಲ್ಯೆ, ಎಣ್ಣೆಗಾಯಿ, ಎರಡು ಮೂರು ಬಗೆಯ ಕಾಳುಪಲ್ಯೆ, ಹಿಂಡಿಗಳು, ಶೇಂಗಾ ಹೋಳಿಗೆ. ಭೂತಾಯಿಗೆ ಎರಚುವ ಆ ಚರಗ ಹೊಲದಲ್ಲಿ ಏನೇನು ಬೆಳೆಯುತ್ತದೆ ಎಂಬುದರ ಲೆಕ್ಕವೂ ಹೌದು.

ಇಂದಿನ ಆಹಾರಶಾಸ್ತ್ರದಿಂದ ನೋಡಿದರೆ ಈ ಜೋಡಣೆಗೆ ಅರ್ಥವಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು, 4 ಮಿಲಿಗ್ರಾಂ ಕಬ್ಬಿಣ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಮೂರು ಗ್ರಾಂಗೂ ಕಡಿಮೆ, ಕಬ್ಬಿಣ ಒಂದು ಮಿಲಿಗ್ರಾಂಗೂ ಕಡಿಮೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರು, ಕಡಲೆ, ಮಡಿಕೆಯಲ್ಲಿ ಅದು ಧಾರಾಳ. ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ಬೇಕು. ಹಸಿ ಸೊಪ್ಪು, ನಿಂಬೆ ಅದನ್ನು ಕೊಡುತ್ತವೆ. ಗೋದಿಯ ಜಿಗುಟು ಜೋಳಕ್ಕಿಲ್ಲದ್ದರಿಂದ ಕುದಿಯುವ ಎಸರು ಹಾಕಿ ನಾದಿ, ಬಡಿದು, ಎಣ್ಣೆಯಿಲ್ಲದೆ ಸುಡಬೇಕು. ಎಣ್ಣೆಯ ಅಂಶವೇನಿದ್ದರೂ ಹಿಂಡಿಯ ಬೀಜಗಳಿಂದ, ಪಲ್ಯೆಗೆ ಹಾಕುವ ಗಾಣದ ಕುಸುಬಿ ಎಣ್ಣೆಯಿಂದ ಬರಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಹಿಂದಿನವರೆಲ್ಲ ಹೀಗೆ ಉಂಡು ಸುಖವಾಗಿದ್ದರೆಂಬ ಭ್ರಮೆ ಉಳಿದೀತು. ಹಬ್ಬದ ಬುಟ್ಟಿ ದಿನದ ತಾಟಲ್ಲ. ಕೂಲಿಯವರ ಮನೆಯಲ್ಲಿ ಕಾಳುಪಲ್ಯೆ ದಿನವೂ ಇರಲಿಲ್ಲ. ರೊಟ್ಟಿ, ಖಾರ, ಮುಗಿಯಿತು. ಇದರ ಫಲವನ್ನು ಕಂಡವರು ಹೈದರಾಬಾದಿನ ಪೋಷಣಾ ಸಂಶೋಧನಾಲಯದ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುವ, ಹೊಟ್ಟೆ ಕೆಡಿಸುವ, ಕೊನೆಗೆ ಮನಸ್ಸನ್ನೂ ಕದಡುವ ಪೆಲಾಗ್ರ ಎಂಬ ರೋಗವನ್ನು ಜಗತ್ತು ಅಲ್ಲಿಯವರೆಗೆ ಗೋವಿನಜೋಳವನ್ನೇ ನಂಬಿದವರ ರೋಗ ಎಂದುಕೊಂಡಿತ್ತು. ಅದು ದಖ್ಖನಿನ ಬಡ ಜೋಳ ತಿನ್ನುವವರಲ್ಲೂ ಇದೆ ಎಂದು 1960ರಲ್ಲಿ ಅವರು ಬರೆದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವೇ ಕಾರಣವೆಂಬ ಅವರ ವಾದದ ಬಗ್ಗೆ ಮುಂದೆ ಚರ್ಚೆ ನಡೆಯಿತು. ಆದರೆ ಬಗೆಬಗೆಯ ಆಹಾರ ಸಿಗುವವರಿಗೆ ಈ ರೋಗ ಬರುವುದಿಲ್ಲ ಎಂಬುದರಲ್ಲಿ ವಿವಾದವಿಲ್ಲ. ಇಡೀ ಧಾನ್ಯ, ಶುದ್ಧ ಸಸ್ಯಾಹಾರ, ಎರಡೂ ಇದ್ದವು, ರೋಗವೂ ಇತ್ತು. ಇಲ್ಲದಿದ್ದುದು ಜೊತೆಗಿನ ಕಾಳು, ಸೊಪ್ಪು.

ಆಮೇಲೆ ಹೊಲವೇ ಬದಲಾಯಿತು. ಸವದತ್ತಿ ಬಳಿಯ ನವಿಲುತೀರ್ಥದ ಮಲಪ್ರಭಾ ಅಣೆಕಟ್ಟು ಮುಗಿದದ್ದು 1972ರ ಸುಮಾರಿಗೆ. ಧಾರವಾಡದಲ್ಲಿ ಬಿ.ಎಚ್. ಕತಾರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದದ್ದೂ 1972ರಲ್ಲೇ. ಕಾಲುವೆ ನೀರು, ನಗದು ಬೆಳೆ, ಸಾಲ, ಗೊಬ್ಬರ ಒಟ್ಟಿಗೆ ಬಂದವು. ನೀರು ಸರಿಯಾಗಿ ಬಾರದ ಹೊಲಗಳಿಗೂ ಅಭಿವೃದ್ಧಿ ಕರ ಹೇರಿದ್ದಕ್ಕೆ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಸಿಡಿದೆದ್ದುದು ಕರ್ನಾಟಕದ ರಾಜಕೀಯವನ್ನೇ ತಿರುಗಿಸಿತು. ಆ ಚರಿತ್ರೆಯನ್ನು ಬಹಳ ಮಂದಿ ಬರೆದಿದ್ದಾರೆ. ಅದೇ ಕಾಲದಲ್ಲಿ ತಾಟಿನಲ್ಲಿ ನಡೆದ ಬದಲಾವಣೆಯನ್ನು ಬರೆದವರು ಕಡಿಮೆ. ಸಾಲು ಹತ್ತಿ, ಗೋವಿನಜೋಳಗಳ ನಡುವೆ ಅಕ್ಕಡಿಗೆ ಜಾಗವಿಲ್ಲ. ಗಾಣ ನಿಂತು ಡಬ್ಬಿಯ ಎಣ್ಣೆ ಬಂತು. ನ್ಯಾಯಬೆಲೆ ಅಂಗಡಿಯ ಅಕ್ಕಿ, 2013ರ ಅನ್ನಭಾಗ್ಯದ ನಂತರವಂತೂ, ಹಸಿವನ್ನು ದೂರವಿಟ್ಟಿತು. ಇದು ಸಣ್ಣ ಮಾತಲ್ಲ. ಪೆಲಾಗ್ರ ಅಪರೂಪವಾದದ್ದರಲ್ಲಿ ಆಹಾರ ಬದಲಾದದ್ದಕ್ಕೂ ಪಾಲಿದೆ. ಜೊತೆಗೇ ರೊಟ್ಟಿಯ ಹೊತ್ತುಗಳು ಕಡಿಮೆಯಾಗಿ, ಅನ್ನ ಮತ್ತು ಚಹಾದ ಹೊತ್ತುಗಳು ಹೆಚ್ಚಿದವು. ಕಾಳು ಮಾತ್ರ ಉಳಿಯಿತು. ಸ್ಥಳೀಯ ಕಡಲೆಯಿಂದ ಆರಿಸಿ 1978ರಲ್ಲಿ ಬಿಡುಗಡೆಯಾದ 'ಅಣ್ಣಿಗೇರಿ-1' ತಳಿ ಈ ಊರಿನ ಹೆಸರನ್ನು ದೂರದವರೆಗೆ ಒಯ್ದಿದೆ.

ಹೀಗಾಗಿ ಇಡೀ ಸಸ್ಯಾಹಾರಕ್ಕೆ ಮರಳಬೇಕೆನ್ನುವವರಿಗೆ ಈ ಸೀಮೆಯಲ್ಲಿ ಹೊಸ ಸಾಮಾನು ಹೆಚ್ಚೇನೂ ಬೇಕಿಲ್ಲ. ದಿನದ ಒಂದು ಹೊತ್ತಿನ ಅನ್ನದ ಬದಲು ರೊಟ್ಟಿ, ರೊಟ್ಟಿಯ ಜೊತೆ ತಪ್ಪದೆ ಒಂದು ಕಾಳುಪಲ್ಯೆ, ಒಂದು ಹಸಿ ಸೊಪ್ಪು, ಒಂದು ಚಮಚ ಗುರೆಳ್ಳು ಅಥವಾ ಅಗಸಿ ಹಿಂಡಿ. ಒಮ್ಮೆಲೇ ಎಲ್ಲವನ್ನೂ ಬದಲಿಸಿದರೆ ನಾರಿಗೆ ಒಗ್ಗದ ಹೊಟ್ಟೆ ಉಬ್ಬರಿಸುತ್ತದೆ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸುವ ಹಳೆಯ ರೂಢಿ ಇಲ್ಲಿ ನೆರವಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಕಠಿಣವಾದುದು ಹಾಲಿನ ಪ್ರಶ್ನೆ. ಎರೆಸೀಮೆಯ ಊಟ ಎಂದೂ ಮಜ್ಜಿಗೆಯನ್ನು ಬಿಟ್ಟಿರಲಿಲ್ಲ. ಜೋಳದ ಕಣಿಕೆ ಎಮ್ಮೆಗೆ, ಎಮ್ಮೆಯ ಮಜ್ಜಿಗೆ ತಾಟಿಗೆ. ಅದೂ ಆ ಜೋಡಣೆಯ ಒಂದು ಕೊಂಡಿ. ಗಾಂಧೀಜಿ 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಬಿಟ್ಟರು. 1918ರಲ್ಲಿ ತೀವ್ರ ಕಾಯಿಲೆ ಬಿದ್ದ ಮೇಲೆ ಆಡಿನ ಹಾಲಿಗೆ ಒಪ್ಪಬೇಕಾಯಿತು. ಹಾಲಿಗೆ ಬದಲಾಗಬಲ್ಲ ಸಸ್ಯವಸ್ತುವಿಗಾಗಿ ತಾವು ಹುಡುಕಿ ಸೋತುದನ್ನು ಅವರು ಮುಚ್ಚಿಡಲಿಲ್ಲ. ಆಗ ಯಾರಿಗೂ ತಿಳಿಯದಿದ್ದ ಒಂದು ಅಂಶ 1948ರಲ್ಲಿ ಪ್ರತ್ಯೇಕಗೊಂಡಿತು: ಬಿ-12 ಜೀವಸತ್ವ. ಅದು ಸೂಕ್ಷ್ಮಜೀವಿಗಳಿಂದ ತಯಾರಾಗುವಂಥದು. ಜೋಳ, ಕಾಳು, ಸೊಪ್ಪು, ಬೀಜ ಯಾವುದರಲ್ಲೂ ನೆಚ್ಚಿಕೊಳ್ಳುವಷ್ಟು ಇಲ್ಲ. ಮೈಯಲ್ಲಿಯ ದಾಸ್ತಾನು ಕೆಲವು ವರ್ಷ ಸಾಕಾಗುವುದರಿಂದ ಕೊರತೆ ಬೇಗ ಕಾಣುವುದಿಲ್ಲ. ಕಂಡಾಗ ರಕ್ತಹೀನತೆ, ಕೈಕಾಲು ಜೋಮು, ಮರೆವು. ಬಸುರಿ ಬಾಣಂತಿಯರಲ್ಲಿ ಅದರ ಕೆಡುಕು ಕೂಸಿಗೂ ತಟ್ಟುತ್ತದೆ. ಮಜ್ಜಿಗೆಯನ್ನೂ ಬಿಡುವವರು ಬಿ-12 ಮಾತ್ರೆಯನ್ನು ಮೊದಲ ದಿನದಿಂದಲೇ ತೆಗೆದುಕೊಳ್ಳಬೇಕು. ಮಜ್ಜಿಗೆ ಬಿಡದವರಲ್ಲೂ ಈ ಕೊರತೆ ನಮ್ಮಲ್ಲಿ ಸಾಮಾನ್ಯವಾಗಿರುವುದರಿಂದ ಅವರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.